ಕುಡಿಯದವನ ಲಿವರು

ಅಪ್ಪ ಕುಡಿಯುತ್ತಿರಲಿಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ, ಯಾಕೆಂದರೆ ಅವರು ಬದುಕಿದ್ದಾಗ ಕೊನೆಕೊನೆಗೆ ಈ ಮಾತು ಹೇಳುತ್ತಿದ್ದವರು ಅವರೊಬ್ಬರೇ.

ಕೇರಳದಿಂದ ಬಂದು ಕಡಬದ ಹತ್ತಿರ ಗುಡ್ಡ ಕಡಿದು ರಬ್ಬರು ಹಾಕಿದ ಕುಟುಂಬ ನಮ್ಮದು. ಮನೆಯೊಳಗೆ ಮಲಯಾಳ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ರಬ್ಬರಿನ ಕೆಲಸ ಯಾರ ಸೌಕರ್ಯವನ್ನೂ ಕೇಳುವುದಿಲ್ಲ. ಬೆಳಕು ಹರಿಯುವಷ್ಟರಲ್ಲಿ ಮರಕ್ಕೆ ಗೀರು ಹಾಕಿ ಆಗಬೇಕು, ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ. ಕತ್ತಿ ತೊಗಟೆಯಲ್ಲೇ ನಿಲ್ಲಬೇಕು. ಒಳಗಿನ ಮರಕ್ಕೆ ತಾಗಿದರೆ ಅಲ್ಲಿ ಗಂಟು ಕಟ್ಟುತ್ತದೆ, ಮುಂದೆ ಆ ಜಾಗ ಪ್ರಯೋಜನಕ್ಕಿಲ್ಲ. ನಮ್ಮವರು ಗಂಡಸಿನ ಯೋಗ್ಯತೆ ಅಳೆಯುತ್ತಿದ್ದದ್ದು ಅವನ ಮರ ನೋಡಿ.

ಎಪ್ಪತ್ತರ ದಶಕದ ನಡುವೆ, ನಾನು ಆರನೆಯ ಕ್ಲಾಸಿನಲ್ಲಿದ್ದಾಗ, ಅಪ್ಪ ತಡವಾಗಿ ಏಳತೊಡಗಿದರು. ಎದ್ದರೂ ಬೆರಳು ಮಡಚಲಿಕ್ಕೆ ಆಗುತ್ತಿರಲಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಬುಡದ ಗಂಟುಗಳು ಊದಿಕೊಂಡಿರುತ್ತಿದ್ದವು. ಬಿಸಿ ಗಂಜಿತಿಳಿಯಲ್ಲಿ ಕೈ ಅದ್ದಿ ಕೂರುತ್ತಿದ್ದರು. ಹತ್ತು ಗಂಟೆ ಕಳೆದ ಮೇಲೆ ಕೈ ಸಡಿಲವಾಗುತ್ತಿತ್ತು, ಆದರೆ ರಬ್ಬರು ಮರಕ್ಕೆ ಹತ್ತು ಗಂಟೆಯ ಕೈ ಯಾತಕ್ಕೆ? ಹಟ ಹಿಡಿದು ಬೆಳಿಗ್ಗೆಯೇ ಹೋದ ದಿನ ಕತ್ತಿ ಜಾರಿ ಮರಕ್ಕೆಲ್ಲ ಗಾಯ.

ಬೆಳಿಗ್ಗೆ ಏಳಲಾಗದ, ಕೈ ಹಿಡಿತಕ್ಕೆ ಬಾರದ ಗಂಡಸಿಗೆ ಊರಿನ ಹತ್ತಿರ ಒಂದೇ ಕಾರಣ ಸಿದ್ಧವಿರುತ್ತದೆ. "ಎಂತ ಮಾರಾಯ್ರೆ, ನಿನ್ನೆ ಸ್ವಲ್ಪ ಜಾಸ್ತಿ ಆಯ್ತಾ?" ಅಂತ ಪಕ್ಕದ ತೋಟದವರು ಬೇಲಿಯಾಚೆಯಿಂದ ಕೇಳುತ್ತಿದ್ದರು. ಮೊದಮೊದಲು ಅಪ್ಪ ನಗುತ್ತಿದ್ದರು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಿಕ್ಕಾಗುತ್ತದೆಯೇ?

ಒಂದು ವರ್ಷ ಅಮ್ಮ ಅಪ್ಪನ ಪರವಾಗಿ ಎಲ್ಲರೊಡನೆ ಜಗಳವಾಡಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಅವಳೂ ಊರಿನ ಕಡೆ ಸೇರಿದಳು. ಸಂಜೆ ಅಪ್ಪ ಬಂದಾಗ ಮೈ ಒರೆಸುವ ತೋರ್ತು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಾಯಿ ಮೂಸುತ್ತಿದ್ದಳು. ರಬ್ಬರು ಶೀಟಿಗೆ ಹೊಗೆ ಹಾಕುವ ಕೋಣೆಯಲ್ಲಿ, ಸೌದೆ ರಾಶಿಯಲ್ಲಿ ಬಾಟಲಿ ಹುಡುಕುತ್ತಿದ್ದಳು. ಏನೂ ಸಿಗುತ್ತಿರಲಿಲ್ಲ. ಸಿಗದಿದ್ದದ್ದೇ ಅವಳಿಗೆ ಸಾಕ್ಷಿಯಾಯಿತು, ಎಷ್ಟು ಜಾಣ ನೋಡು ಅಂತ. ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದಳು. ಅಪ್ಪ ಹಾಕಿದರು. ಕುಡುಕರ ಆಣೆಗೆ ಎಂತ ಬೆಲೆ ಅಂತ ಆಗಲೇ ಅಂದಳು.

ಮತ್ತೆರಡು ವರ್ಷದಲ್ಲಿ ಅಪ್ಪನ ಕಣ್ಣು ಹಳದಿಯಾಯಿತು, ಹೊಟ್ಟೆಗೆ ನೀರು ತುಂಬಿತು. ಪುತ್ತೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಲಿವರ್ ಹೋಗಿದೆ. ಕುಡಿಯುದು ಬಿಡಬೇಕು" ಅಂದರು.

"ಕುಡಿಯುದಿಲ್ಲ" ಅಂದರು ಅಪ್ಪ.

ಡಾಕ್ಟರು ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಆಡಿದ್ದು ಒಂದೇ ಮಾತು: "ಇಲ್ಲದ್ದನ್ನು ಹೇಗೆ ಬಿಡುದು?" ಆಮೇಲೆ ಯಾವ ಡಾಕ್ಟರ ಹತ್ತಿರವೂ ಬರಲಿಲ್ಲ. ಕೀಳನೆಲ್ಲಿ ಅಂತ ನಾವು ಹೇಳುವ ನೆಲನೆಲ್ಲಿಯ ರಸ, ಉಪ್ಪಿಲ್ಲದ ಗಂಜಿ, ಅಷ್ಟೇ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಒಳ್ಳೆಯ ಮನುಷ್ಯ, ಕುಡಿತ ಒಂದಿಲ್ಲದಿದ್ದರೆ, ಅಂತ ಮಣ್ಣಿಗೆ ಬಂದವರು ಮಾತಾಡಿಕೊಂಡರು.

ನಾನು ಅಮ್ಮನನ್ನು ಕ್ಷಮಿಸಲಿಲ್ಲ. ನನ್ನದು ಸುಲಭಕ್ಕೆ ಆರುವ ಸಿಟ್ಟಲ್ಲ. ಅಪ್ಪನನ್ನು ನಂಬಿದ್ದವಳು ನಾನೊಬ್ಬಳೇ ಅಂತ ನನ್ನ ಮನಸ್ಸಿನಲ್ಲಿ. "ಗಂಡನನ್ನೇ ನಂಬದವಳು" ಅಂತ ಅಮ್ಮನ ಮುಖಕ್ಕೇ ಹೇಳಿದ್ದುಂಟು, ಒಂದಲ್ಲ, ಹಲವು ಸಲ. ಅವಳು ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೋ ಏನೋ.

ಎಂಬತ್ತರ ದಶಕದಲ್ಲಿ, ಅಪ್ಪನ ನಂತರ ತೋಟ ನೋಡಿಕೊಳ್ಳುತ್ತಿದ್ದ ಅಣ್ಣನಿಗೆ ಅದೇ ಎರಡು ಬೆರಳುಗಳ ಬುಡ ಊದಿತು. ಅಣ್ಣ ಕಡುಚಹಾಕ್ಕೇ ಮುಖ ಹಿಂಡುವವನು, ಸಾರಾಯಿಯ ಮಾತು ದೂರ. ಈ ಸಲ ನಾನು ಹಟ ಮಾಡಿ ಅಣ್ಣನನ್ನೂ ಅಮ್ಮನನ್ನೂ ಮಂಗಳೂರಿಗೆ ಹೊರಡಿಸಿದೆ. ಅಲ್ಲಿಯ ಡಾಕ್ಟರು ಅಪ್ಪನ ಬೆರಳಿನ ಕಥೆ ಕೇಳಿ ಕುರ್ಚಿ ಹತ್ತಿರ ಎಳೆದುಕೊಂಡರು. ರಕ್ತ ನೋಡಿದರು, ಲಿವರಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ನಮ್ಮನ್ನು ಕೂರಿಸಿ ಹೇಳಿದರು.

"ತಿಂದ ಅನ್ನ, ಸೊಪ್ಪಿನಲ್ಲಿ ಕಬ್ಬಿಣದ ಅಂಶ ಉಂಟಲ್ಲ, ಇಂಥವರ ಮೈ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರ್ತದೆ. ಹೊರಗೆ ಹಾಕ್ಲಿಕ್ಕೆ ಗೊತ್ತಿಲ್ಲ. ಲಿವರಿನಲ್ಲಿ, ಬೆರಳಿನ ಗಂಟಿನಲ್ಲಿ ಕೂಡಿಡ್ತದೆ. ಹುಟ್ಟಿನಿಂದಲೇ ಬರುದು. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು, ಎರಡೂ ಸಿಕ್ಕಿದವರಿಗೆ ಕಾಯಿಲೆ. ಆಗಾಗ ರಕ್ತ ತೆಗೀತಾ ಇದ್ರೆ ಇವರಿಗೆ ಹೆದರಿಕೆ ಇಲ್ಲ. ಬೇಗ ಬಂದಿದ್ದೀರಿ."

"ನಮ್ಮ ಅಪ್ಪನಿಗೆ?" ಅಂತ ಕೇಳಿದೆ.

"ಇದೇ ಇದ್ದಿರ್ಬೇಕು. ಇದಕ್ಕೆ ಕುಡೀಬೇಕಂತ ಇಲ್ಲ."

ಅಣ್ಣನನ್ನು ರಕ್ತ ತೆಗೆಯಲು ಒಳಗೆ ಕರೆದರು. ಹೊರಗಿನ ಜಗಲಿಯಲ್ಲಿ ನಾನು ಅಮ್ಮನ ಮೇಲೆ ಹರಿಹಾಯ್ದೆ. ಹತ್ತು ವರ್ಷದಿಂದ ಕಾದಿದ್ದ ಮಾತು, ನಾಲಿಗೆಗೆ ತಡೆ ಇರಲಿಲ್ಲ. "ಕೇಳಿದೆಯಾ? ನೀನು ನಂಬಿದ್ದರೆ ಅಪ್ಪ ಇನ್ನೊಬ್ಬ ಡಾಕ್ಟರ ಹತ್ತಿರ ಬರ್ತಿದ್ದರು. ಬದುಕ್ತಿದ್ದರು."

ಅಮ್ಮ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಊರವರು ಹೇಳಿದ್ದನ್ನು ನಾನು ಒಂದು ವರ್ಷ ನಂಬಲಿಲ್ಲ ಮಗಳೇ. ನೀನು ಹೇಳಿದ ಮೇಲೆ ನಂಬಿದೆ."

"ನಾನಾ? ನಾನೆಂತ ಹೇಳಿದ್ದು?"

"ಶಾಲೆಯಿಂದ ಅಳ್ತಾ ಬಂದಿ. ಆಲಂಕಾರು ಪೇಟೆಯಲ್ಲಿ ಸಾರಾಯಿ ಅಂಗಡಿಯ ಬೆಂಚಿನಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದಾರೆ ಅಂದಿ. ನಿನ್ನ ಗೆಳತಿಯರೆಲ್ಲ ನೋಡಿದರು ಅಂದಿ."

ಅವಳು ಹೇಳುತ್ತಿದ್ದ ಹಾಗೆ ನನಗೆ ಎಲ್ಲ ಕಂಡಿತು. ಅಪ್ಪ ಚಪ್ಪಲಿ ಕಳಚಿಟ್ಟು ಎರಡೂ ಕೈಯಲ್ಲಿ ಮೊಣಕಾಲು ಒತ್ತಿ ಹಿಡಿದಿದ್ದರು. ಗಂಟುನೋವಿಗೆ ನಡೆಯಲಾಗದೆ, ಸಿಕ್ಕಿದ ಬೆಂಚಿನಲ್ಲಿ ಕೂತಿದ್ದರು. ನಾನು ಗೆಳತಿಯರ ಹಿಂದೆ ಅಡಗಿ ದಾಟಿ ಹೋಗಿದ್ದೆ. ಇಷ್ಟು ವರ್ಷ ಅದನ್ನು ಎಲ್ಲಿ ಹೂತಿಟ್ಟಿದ್ದೆನೋ ದೇವರೇ ಬಲ್ಲ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"'ನಿನಗೆ ಇದನ್ನು ಹೇಳಿದ್ದು ಯಾರು' ಅಂತ ಅಪ್ಪ ಸಾಯುವವರೆಗೂ ನನ್ನನ್ನು ಕೇಳಿದರು" ಅಂದಳು. "ನಾನು ಹೇಳಲಿಲ್ಲ. ನಿನ್ನನ್ನು ಕಂಡರೆ ಅವರಿಗೆ ಜೀವ."