ಒಂದೇ ಗಾಡಿಗೆ ಎರಡು ಚಾವಿ

ಕುಬಟೂರಿನ ಗಂಗಾಧರಪ್ಪನ ಹಳೇ ಪಿಕಪ್ ಗಾಡಿ ಅಂಗಳ ಬಿಡಬೇಕಾದರೆ ಇಬ್ಬರ ಒಪ್ಪಿಗೆ ಬೇಕಿತ್ತು. ಎಂಜಿನ್ ಚಾಲೂ ಮಾಡುವ ಚಾವಿ ಅವನ ಜೇಬಿನಲ್ಲಿ, ಬಾಗಿಲಿನ ಚಾವಿ ಹೆಂಡತಿ ಜಗದಾಂಬಳ ಸೊಂಟದಲ್ಲಿ. ಯಾರೋ ಕೂತು ಮಾಡಿದ ಕಾನೂನೇನಲ್ಲ ಇದು. ಹನ್ನೊಂದು ವರ್ಷದ ಹಿಂದೆ ಗಾಡಿ ಕೊಂಡಾಗಲೇ ಡ್ರೈವರ್ ಕಡೆಯ ಬಾಗಿಲು ಗುಜರಿಯಿಂದ ತಂದು ಕೂರಿಸಿದ್ದಾಗಿತ್ತು. ಬಾಗಿಲಿನ ಜೊತೆ ಅದರದೇ ಚಾವಿಯೂ ಬಂದಿತ್ತು. ಗಂಗಾಧರಪ್ಪನೆಂಬ ಪುಣ್ಯಾತ್ಮ ಒಂದೇ ತಿಂಗಳಲ್ಲಿ ಅದನ್ನು ಎರಡು ಸಲ ಕಳೆದುಕೊಂಡ. ಎರಡನೇ ಸಲ ಮೆಕ್ಕೆಜೋಳದ ಚೀಲದೊಳಗೆ ಸಿಕ್ಕಿತು. ಜಗದಾಂಬ ಅದನ್ನು ತನ್ನ ಚಾವಿಗೊಂಚಲಿಗೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಮುಗಿಯಿತು.

ಅಂದಿನಿಂದ ಗಾಡಿ ತೆಗೆಯುವ ಮುಂಚೆ ಅವನು ಅಂಗಳದಿಂದ ಕೂಗಬೇಕು, ಇವಳು ಕೈ ಒರೆಸಿಕೊಳ್ಳುತ್ತ ಬರಬೇಕು. ಬಂದವಳು ಬರೀ ಬಾಗಿಲು ತೆಗೆದು ಹೋಗುವ ಪೈಕಿಯಲ್ಲ. ಹಿಂದೆ ಹೇರಿದ ಚೀಲಗಳೊಳಗೆ ಕೈಯಾಡಿಸಿ ನೋಡುವಳು, ಹಸಿಯಿದ್ದುದನ್ನು ಇಳಿಸಿ ಇನ್ನೆರಡು ದಿನ ಒಣಗಲಿ ಎನ್ನುವಳು, ಶಿಕಾರಿಪುರದ ಮಾರುಕಟ್ಟೆಯಲ್ಲಿ ಯಾವ ಅಂಗಡಿಗೆ ಹಾಕಬೇಕೆಂದು ಹೇಳುವಳು. ಗಂಗಾಧರಪ್ಪ ಗೊಣಗುತ್ತಲೇ ಅವಳು ಹೇಳಿದಂತೆ ಮಾಡುತ್ತಿದ್ದ. ಹೊಲ ಅವನ ಹೆಸರಿನಲ್ಲಿತ್ತು, ಗಾಡಿಯೂ ಅವನ ಹೆಸರಿನಲ್ಲಿತ್ತು. ಈ ಮನೆಯ ವ್ಯವಹಾರದಲ್ಲಿ ತನ್ನ ಮಾತಿಗೂ ಬೆಲೆಯಿದೆ ಎಂದು ಜಗದಾಂಬಳಿಗೆ ಅನಿಸುತ್ತಿದ್ದದ್ದು ಆ ಬಾಗಿಲ ಹತ್ತಿರ ನಿಂತಾಗಲೇ.

ಹೋದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ಕೂಗು ಬರಲಿಲ್ಲ, ಎಂಜಿನ್ ಸದ್ದು ಬಂತು. ಓಡಿ ಬಂದು ನೋಡಿದರೆ ಗಂಡ ಸೀಟಿನಲ್ಲಿ ಕೂತು ನಗುತ್ತಿದ್ದಾನೆ. ಹಿಂದಿನ ದಿನ ಶಿಕಾರಿಪುರದಲ್ಲಿ ಬೀಗ ರಿಪೇರಿಯ ಕರಿಯಣ್ಣನ ಹತ್ತಿರ ಬಾಗಿಲಿನ ಬೀಗ ಬಿಚ್ಚಿಸಿ, ಒಳಗಿನ ಹಿತ್ತಾಳೆ ಚೂರುಗಳನ್ನು ಎಂಜಿನ್ ಚಾವಿಗೆ ಹೊಂದುವಂತೆ ಜೋಡಿಸಿಕೊಂಡು ಬಂದಿದ್ದನಂತೆ. ಇನ್ನು ಎರಡಕ್ಕೂ ಒಂದೇ ಚಾವಿ.

"ದಿನಾ ಒಲಿ ಬಿಟ್ಟು ಓಡಿ ಬರೋ ತ್ರಾಸು ತಪ್ತು ನೋಡು ನಿಂಗೆ," ಎಂದ, ಭಾರೀ ಉಪಕಾರ ಮಾಡಿದವನ ಹಾಗೆ.

ಗಾಡಿ ಹೊರಟೇ ಹೋಯಿತು. ಜಗದಾಂಬ ಸೊಂಟದ ಗೊಂಚಲಿನಲ್ಲಿ ಕೆಲಸವಿಲ್ಲದಾದ ಬಾಗಿಲ ಚಾವಿಯನ್ನು ಮುಟ್ಟಿ ನೋಡಿಕೊಂಡಳು. ಗಂಡ ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಾಲ್ಕು ದಿನ ತಡೆದುಕೊಂಡಳು. ನಾಲ್ಕೂ ದಿನ ಗಾಡಿ ಅವಳನ್ನು ಕೇಳದೆ ಹೋಯಿತು. ಐದನೇ ದಿನ ಗಂಡ ಹೊಲಕ್ಕೆ ಹೋದದ್ದೇ, ಗೂಟದಲ್ಲಿದ್ದ ಅವನ ಚಾವಿ ತೆಗೆದುಕೊಂಡು ಶಿಕಾರಿಪುರದ ಬಸ್ಸು ಹತ್ತಿದಳು.

ಕರಿಯಣ್ಣನ ಮುಂದೆ ತನ್ನ ಚಾವಿ, ಗಂಡನ ಚಾವಿ ಎರಡನ್ನೂ ಇಟ್ಟು, ಬೀಗ ಮೊದಲಿನ ಹಾಗೆ ಮಾಡಿಕೊಡು ಎಂದಳು. ಅವನು ತಲೆ ಕೆರೆದುಕೊಂಡ. ಅದಕ್ಕೆ ಗಾಡಿಯೇ ಬರಬೇಕು, ಬಾಗಿಲು ಬಿಚ್ಚಬೇಕು, ಮತ್ತೆ ಅರ್ಧ ದಿನದ ಕೆಲಸ.

"ಅದ್ಯಾಕೆ ಅಕ್ಕಾರೆ, ಯಜಮಾನ್ರ ಚಾವಿ ನೋಡಿ ಅಂಥದ್ದೇ ಇನ್ನೊಂದು ಮಾಡಿಕೊಡ್ತೀನಿ," ಎಂದ. "ಬಾಗ್ಲೂ ತೆಗಿತೈತಿ, ಗಾಡಿನೂ ಚಾಲೂ ಆಗ್ತೈತಿ."

ಜಗದಾಂಬ ಗಂಡನ ಚಾವಿಯನ್ನು ಕೈಗೆತ್ತಿಕೊಂಡಳು. "ನಾ ತಿರುಗಿಸಿದ್ರೂ ಆಗ್ತೈತೇನು?"

"ಚಾವಿಗೇನು ಗೊತ್ತು, ಯಾರ ಕೈ ಅಂತ."

ಅವಳು ಮನೆಗೆ ಬರುವಷ್ಟರಲ್ಲಿ ಗಂಗಾಧರಪ್ಪ ಚಾವಿ ಹುಡುಕಿ ಹುಡುಕಿ ಇಡೀ ಮನೆ ತಲೆಕೆಳಗು ಮಾಡಿದ್ದ. ಅವನದನ್ನು ಅವನ ಕೈಗಿಟ್ಟು, ಹೊಸದಾಗಿ ಮಾಡಿಸಿದ ತನ್ನದರಿಂದ ಬಾಗಿಲು ತೆಗೆದು, ಸೀರೆ ಎತ್ತಿಕಟ್ಟಿ ಡ್ರೈವರ್ ಸೀಟಿಗೆ ಹತ್ತಿದಳು. ಚಾವಿ ತಿರುಗಿಸಿದ್ದೇ ತಡ, ಗೇರಿನಲ್ಲಿ ನಿಲ್ಲಿಸಿದ್ದ ಗಾಡಿ ಮುಂದಕ್ಕೊಮ್ಮೆ ಜಿಗಿದು ನಿಂತಿತು. ಅವಳು ಸ್ಟೇರಿಂಗ್ ಬಿಡಲಿಲ್ಲ.

"ನಾಳಿಂದ ನಾ ನೋಡ್ದೆ ಮಾಲು ಹೊರಗೆ ಹೋಗಂಗಿಲ್ಲ ರೀ," ಎಂದಳು. "ನಿಮಗೆ ತ್ರಾಸು ಅನ್ಸಿದ್ರೆ ನಾನೇ ಒಯ್ತೀನಿ."

ಗಂಗಾಧರಪ್ಪ ತನ್ನ ಚಾವಿಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಗಾಡಿಯನ್ನು ಸುತ್ತು ಹಾಕಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಕೂತ.

"ಮೊನ್ನೆ ಮೂರು ಚೀಲ ಹಸಿ ಅಂತ ವಾಪಸ್ ಕಳ್ಸಿದ್ರು. ನಿಂಗೆ ಹೇಳಿರ್ಲಿಲ್ಲ," ಎಂದ ಮೆಲ್ಲಗೆ. ಜಗದಾಂಬಳಿಗೆ ನಗು ಬಂತು, ತಡೆದುಕೊಂಡಳು.

"ಮೊದ್ಲು ಕ್ಲಚ್ ಒತ್ತು," ಎಂದ ಅವನು.

ಯಾವುದು ಎಂದು ಅವಳು ಕೇಳಿದಳು. ಅವನು ಬಗ್ಗಿ ತೋರಿಸಿದ.