ಅಕ್ಕನ ಬಲಗಣ್ಣಿಗೆ ಲೇಸರ್ ಮಾಡಿಸಿದ್ದು

ಇಳಕಲ್ಲಿನಲ್ಲಿ ಅಕ್ಕನ ಮನೆಯ ಮಗ್ಗದ ಕೋಣೆಯಲ್ಲಿ ಆ ಮಧ್ಯಾಹ್ನ ನಾವು ನಾಲ್ವರಿದ್ದೆವು. ಭಾವ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು, ಆದರೆ ನೇಯುತ್ತಿರಲಿಲ್ಲ. ಅಕ್ಕನ ಅತ್ತೆ ಗೋಡೆಗೆ ಒರಗಿ ರಾಟೆಯ ಮೇಲೆ ನೂಲು ಸುತ್ತುತ್ತಿದ್ದರು. ಅವರನ್ನು ನಾನೂ ಅತ್ತಿ ಎಂದೇ ಕರೆಯುತ್ತಿದ್ದೆ. ನಾನು ಹುನಗುಂದದ ಹೈಸ್ಕೂಲಿನ ಮಾಸ್ತರ, ರಜೆಗೆಂದು ಬಂದವನು, ಚಹಾದ ಕಪ್ಪು ಹಿಡಿದು ಹೊಸ್ತಿಲ ಹತ್ತಿರ ಕೂತಿದ್ದೆ. ಅಕ್ಕ ಎಲ್ಲರ ನಡುವೆ ನಿಂತಿದ್ದಳು. ಮುಖದ ಮೇಲೆ ಕನ್ನಡಕವಿರಲಿಲ್ಲ. ಹೊಸ ಶತಮಾನ ಶುರುವಾಗಿ ಇನ್ನೂ ಎರಡು ಮೂರು ವರ್ಷ.

"ನನಗ ಆ ಲೇಸರ್ ಮಾಡಸು," ಅಂದಳು ನನಗೆ. "ಮಾಡಸ್ತಿಯೋ ಇಲ್ಲೋ, ಅಷ್ಟ ಹೇಳು."

ಕನ್ನಡಕ ಹಿಂದಿನ ದಿನ ಕೂಡಲಸಂಗಮದಲ್ಲಿ ಹೊಳೆಯ ಪಾಲಾಗಿತ್ತು. ನೀರಿಗೆ ಇಳಿಯುವಾಗ ತೆಗೆದು ಮೆಟ್ಟಿಲ ಮೇಲಿಟ್ಟಿದ್ದಳು. ಯಾರದೋ ಹಸಿ ಸೆರಗು ಬಡಿದು ಅದು ಜಾರಿ ಹೋಯಿತು. ಅಕ್ಕನಿಗೆ ಚಿಕ್ಕಂದಿನಿಂದ ದೂರದ್ದು ಕಾಣುವುದಿಲ್ಲ. ಮೈನಸ್ ಏಳು. ಕನ್ನಡಕ ತೆಗೆದರೆ ಎರಡು ಮಾರು ಆಚೆಗಿನ ಮನುಷ್ಯ ಬರೀ ಬಣ್ಣ. ಆಕೆ ಆ ಬಣ್ಣವನ್ನೇ ನಂಬಿದಳು. ಅತ್ತೆ ಅಂದು ಉಟ್ಟದ್ದು ಹಸಿರು ಒಡಲಿನ, ಕೆಂಪು ಸೆರಗಿನ ಸೀರೆ. ಹಸಿರು ಕೆಂಪು ಮುಂದೆ ಹೋದಂತೆ ಇವಳೂ ಹಿಂದೆ ಹೋದಳು, ಮೆಟ್ಟಿಲು ಹತ್ತಿದಳು, ಟೆಂಪೋ ಹತ್ತಿದಳು. ನಮ್ಮ ಕಡೆಯ ಹೊಳೆಯ ದಂಡೆಯಲ್ಲಿ ಅಂಥ ಸೀರೆಯವರು ನೂರು ಜನ ಇರುತ್ತಾರೆಂದು ನೇಕಾರರ ಮನೆಯ ಸೊಸೆಗೆ ಬೇರೆ ಯಾರಾದರೂ ಹೇಳಬೇಕೇ?

ಟೆಂಪೋ ಹೊರಟು ಎಷ್ಟೋ ಹೊತ್ತಾದ ಮೇಲೆ ಅಕ್ಕ ಪಕ್ಕದಾಕೆಗೆ, "ಅತ್ತೀ, ಹಸಿವಿ ಆಗೇತ್ರಿ, ಬುತ್ತಿ ಬಿಚ್ಚೂಣೇನು?" ಅಂದಳಂತೆ. ಆ ಪುಣ್ಯಾತ್ಗಿತ್ತಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ತಿಂದು ಮುಗಿಯುವತನಕ ಸುಮ್ಮನಿದ್ದು, ಆಮೇಲೆ "ನೀ ಯಾರ ಪೈಕಿ, ಯವ್ವಾ?" ಎಂದು ಕೇಳಿದಳಂತೆ. ಅದು ಚೊಳಚಗುಡ್ಡದವರ ಟೆಂಪೋ. ಅವರೇ ಅಮೀನಗಡದಲ್ಲಿ ಇಳಿಸಿ, ಇಳಕಲ್ಲಿನ ಬಸ್ಸು ಹತ್ತಿಸಿ, ಕಂಡಕ್ಟರನಿಗೆ ಹೇಳಿ ಕಳಿಸಿದರು.

"ಚೊಳಚಗುಡ್ಡದಾಗ ಇನ್ನೊಂದ ಸಂಸಾರ ಹೂಡಾಕ ಹೊಂಟಿದ್ಲು ನಿಮ್ಮಕ್ಕ," ಎಂದು ಭಾವ ನಕ್ಕರು.

"ನಗ್ರಿ, ನಗ್ರಿ. ಕಣ್ಣಿದ್ದವ್ರು ನಗತಾರ."

"ಇನ್ನೊಂದ ಚಾಳೀಸ ಮಾಡ್ಸಿದ್ರ ಆತಿಲ್ಲ?"

"ಚಾಳೀಸ! ರೊಟ್ಟಿ ಮಾಡಾಕ ಕುಂತ್ರ ಉಗಿ ಕೂರತೈತಿ. ಬಗ್ಗಿದ್ರ ಹಿಟ್ಟಿನ ಪರಾತಕ್ಕ ಬೀಳತೈತಿ. ಮೂಗಿನ ಮ್ಯಾಲೆ ಎರಡು ಕರೀ ಕಲಿ ನೋಡ್ರಿ, ಸಾಯೂತನಾ ಹೋಗೂದಿಲ್ಲ. ಕಾಲು ಗಂಟೆದಾಗ ಚಾಳೀಸ ಬಿಡಸ್ತಾರಂತ ಟಿವ್ಯಾಗ ತೋರಸ್ತಾರ. ನಾ ಏನ ಪಾಪ ಮಾಡೀನಿ?"

ಅತ್ತೆ ರಾಟೆ ನಿಲ್ಲಿಸಿದರು. "ದೂರದ ಗುಡ್ಡ ನುಣ್ಣಗ ಕಾಣೂದ ಚೊಲೋ, ಯವ್ವಾ. ಸ್ವಚ್ಛ ಕಂಡ್ರ ಬರೇ ಮುಳ್ಳುಕಂಟಿ. ಅದಿರ್ಲಿ, ಕಣ್ಣಿಗೆ ಏನರ ಆದ್ರ ಕೊಂಡಿ ಯಾರ ಹಾಕ್ತಾರ?"

ಇದನ್ನು ಬಿಡಿಸಿ ಹೇಳಬೇಕು. ಇಳಕಲ್ ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆಗಳು ಬೇರೆ. ನೇಯುವ ಮೊದಲೇ ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಯ ಜೊತೆ ಕೊಂಡಿ ಮಾಡಿ ಸಿಕ್ಕಿಸಬೇಕು. ಪ್ರತಿ ಸೀರೆಗೂ ಇದೇ ಕೆಲಸ. ಒಂದು ಎಳೆ ತಪ್ಪಿದರೂ ಸೀರೆಯ ಉದ್ದಕ್ಕೂ ಅದು ಕಾಣುತ್ತದೆ. ಓಣಿಯ ಆರೇಳು ಮಗ್ಗದವರು ಕೊಂಡಿಗೆ ಅಕ್ಕನನ್ನೇ ಕರೆಯುತ್ತಿದ್ದರು. ಅಕ್ಕ ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ತಾಗುವಷ್ಟು ಬಗ್ಗಿ, ಬರಿಗಣ್ಣಿನಲ್ಲಿ ಕೂತುಬಿಟ್ಟರೆ ಕೂದಲಿನಂಥ ಎಳೆಗಳು ಅವಳಿಗೆ ಹಗ್ಗದ ಹಾಗೆ ಕಾಣುತ್ತಿದ್ದವು. ದೂರ ಕಾಣದ ಕಣ್ಣಿಗೆ ದೇವರು ಹತ್ತಿರದ್ದನ್ನು ಎರಡು ಪಾಲು ಕೊಟ್ಟಿದ್ದ. ಓಣಿಯಲ್ಲಿ ಯಾರಿಗೂ ಆ ನೋಟವಿರಲಿಲ್ಲ. ಇದ್ದದ್ದು ಅಕ್ಕನೊಬ್ಬಳಿಗೆ.

ಇಷ್ಟು ಗೊತ್ತಿದ್ದೂ ನಾನು ಅತ್ತೆಗೆ ಪಾಠ ಹೇಳಿದೆ. "ಅತ್ತೀ, ಕಣ್ಣ ಚೊಲೋ ಆದ್ರ ಕೊಂಡಿ ಇನ್ನಷ್ಟ ಚೊಲೋ ಹಾಕ್ತಾಳ್ರಿ. ನೀವು ಹಳೇ ಕಾಲದವ್ರು."

ಹಳೇ ಕಾಲದವರು ನನ್ನ ಮುಖ ನೋಡಿ ಮತ್ತೆ ರಾಟೆ ತಿರುಗಿಸಿದರು.

ಬಾಗಲಕೋಟೆಯ ನವನಗರದಲ್ಲಿ ಒಬ್ಬ ಕಣ್ಣಿನ ಡಾಕ್ಟರಿದ್ದರು, ಮೈಸೂರು ಕಡೆಯವರು. ಲೇಸರ್ ಯಂತ್ರ ಹುಬ್ಬಳ್ಳಿಯಲ್ಲಿತ್ತು. ಶನಿವಾರ ಶನಿವಾರ ತಮ್ಮ ರೋಗಿಗಳನ್ನು ಅಲ್ಲಿಗೆ ಕರೆಸಿ ಮಾಡುತ್ತಿದ್ದರು. ಬಾಗಲಕೋಟೆಯ ದವಾಖಾನೆಯಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ಊರು, ವಯಸ್ಸು ನಲವತ್ಮೂರು ಬರೆದೆ. ಮುಂದಿನದು ಉದ್ಯೋಗ.

"ಏನಂತ ಬರೀಲಿ?" ಎಂದು ಅಕ್ಕನನ್ನು ಕೇಳಿದೆ.

"ನಂದೇನ ಉದ್ಯೋಗೋ, ತಮ್ಮಾ? ಮನ್ಯಾಗ ಇರ್ತಾಳಂತ ಬರಿ."

ನಮ್ಮ ಕಡೆ ಕುಣಿಯಲ್ಲಿ ಕೂತವನು ನೇಕಾರ. ನೂಲು ಸುತ್ತುವವಳು, ಗಂಜಿ ಹಚ್ಚುವವಳು, ಕೊಂಡಿ ಹಾಕುವವಳು ಮನೆಯಲ್ಲಿ ಇರುವವಳು. ಹಾಗೆಂದು ಯಾರೂ ಕಲಿಸಿದ್ದಲ್ಲ, ಎಲ್ಲರೂ ಹಾಗೆ ಅನ್ನುತ್ತಿದ್ದರು. ಬಿ.ಎಡ್. ಮಾಡಿದ ನಾನು ಗುಂಡಾದ ಅಕ್ಷರದಲ್ಲಿ "ಗೃಹಿಣಿ" ಎಂದು ಬರೆದೆ.

ಡಾಕ್ಟರು ಅಕ್ಕನ ಕಣ್ಣಿನ ಕಾರ್ನಿಯಾದ ದಪ್ಪ ಅಳೆದರು, ಬೆಳಕಿನ ಬಳೆಗಳನ್ನು ನೋಡಲು ಹೇಳಿ ಯಾವುದೋ ಚಿತ್ರ ತೆಗೆದರು, ಆಗಬಹುದು ಅಂದರು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ನೋಡಿಮ್ಮ, ನಲವತ್ತು ದಾಟಿದೆ. ಲೇಸರ್ ಆದಮೇಲೆ ದೂರದ್ದು ಚೆನ್ನಾಗಿ ಕಾಣುತ್ತೆ. ಹತ್ತಿರದ್ದಕ್ಕೆ, ಅಂದ್ರೆ ಓದೋದಕ್ಕೆ, ಕನ್ನಡಕ ಬೇಕಾಗುತ್ತೆ. ಯೋಚನೆ ಮಾಡಿ."

"ನಾ ಏನ ಓದತೇನ್ರಿ, ಸಾಹೇಬ್ರ? ಬಸ್ಸಿನ ಬೋರ್ಡ ಕಂಡ್ರ ಸಾಕ್ರಿ."

ಡಾಕ್ಟರು ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೊದಲು ಬಲಗಣ್ಣು, ಒಂದು ವಾರ ಬಿಟ್ಟು ಎಡಗಣ್ಣು ಎಂದು ನಿಕ್ಕಿಯಾಯಿತು. ಹುಬ್ಬಳ್ಳಿಯಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಚಹಾಕ್ಕೆ ಹೋಗಬೇಕೋ ಬೇಡವೋ ಎಂದು ಲೆಕ್ಕ ಹಾಕುವುದರೊಳಗೆ ಆಕೆ ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿಕೊಂಡು ಹೊರಗೆ ಬಂದಿದ್ದಳು.

"ಕೆಂಪು ದೀಪ ನೋಡ್ರಿ ಅಂದ್ರು, ನೋಡಿದ್ನಿ. ಟಕ್ ಟಕ್ ಅಂತು. ಕೂದಲ ಸುಟ್ಟಂಗ ವಾಸನಿ ಬಂತೋ, ಹೊಲಸ ವಾಸನಿ. ಮುಗೀತಂದ್ರು."

ಮರುದಿನ ಮುಚ್ಚಳ ತೆಗೆದು ಪರೀಕ್ಷಿಸಿ ಕಳಿಸಿದರು. ಆ ಬಸ್ ಪ್ರಯಾಣ ನನ್ನ ಶತ್ರುವಿಗೂ ಬೇಡ. ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು, ಹೊಸ ಬಲಗಣ್ಣಿನಿಂದ ದಾರಿಯಲ್ಲಿ ಕಂಡ ಪ್ರತಿಯೊಂದು ಬೋರ್ಡನ್ನೂ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಗೊಬ್ಬರದ ಅಂಗಡಿ ಬಿಡಲಿಲ್ಲ, ಸಿಮೆಂಟಿನ ಜಾಹೀರಾತು ಬಿಡಲಿಲ್ಲ. ಬಸ್ಸು ಬಾದಾಮಿಯ ಸ್ಟ್ಯಾಂಡಿನಲ್ಲಿ ನಿಂತಾಗ ಗುಡ್ಡದ ಮೇಲಿನ ಮಂಗಗಳನ್ನು ಎಣಿಸತೊಡಗಿದಳು. ಮಂಗಗಳು ಜಾಗ ಬದಲಿಸಿದವೆಂದು ಮತ್ತೆ ಮೊದಲಿನಿಂದ ಎಣಿಸಿದಳು. ಮುಂದಿನ ಸೀಟಿನವನು ತಿರುಗಿ ತಿರುಗಿ ನೋಡಿದ. "ನಮ್ಮಕ್ಕಗ ಹೊಸಾ ಕಣ್ಣ ಬಂದೈತ್ರಿ," ಎಂದು ನಾನೇ ಅವನಿಗೆ ವಿವರಿಸಬೇಕಾಯಿತು.

ಮುಂದಿನ ಶುಕ್ರವಾರ ಎರಡು ದಿನ ರಜೆ ಬರೆದುಕೊಟ್ಟು, ಎಡಗಣ್ಣಿಗೆ ಕರೆದೊಯ್ಯಲು ಇಳಕಲ್ಲಿಗೆ ಬಂದೆ. ಮನೆಯಲ್ಲಿ ಮಗ್ಗದ ಸದ್ದಿಲ್ಲ. ಭಾವ ಕಟ್ಟೆಯ ಮೇಲೆ ಕೂತು ಕಾಲ ಉಗುರು ನೋಡಿಕೊಳ್ಳುತ್ತಿದ್ದರು. "ಒಳಗ ಹೋಗ್ರಿ, ಮಾಸ್ತರ. ನಿಮ್ಮ ಆರತಿ ಐತಿ," ಅಂದರು.

ಒಳಗೆ ಅಕ್ಕ ಮಗ್ಗದ ಮುಂದೆ ಕೂತಿದ್ದಳು. ಎದುರಿಗೆ ಅರ್ಧ ಕೊಂಡಿ ಹಾಕಿದ ಎಳೆಗಳು.

"ಏನ ಮಾಡ್ಸಿದ್ಯೋ, ಮೂಳಾ, ನನಗ?"

"ಯಾಕಬೇ? ಏನಾತು?"

"ಬಲಗಣ್ಣಿಗೆ ಎಳಿ ಕಾಣವಲ್ವು. ಬಗ್ಗಿದ್ರ ಬರೇ ಹಿಟ್ಟ ಕಲಸಿಟ್ಟಂಗ ಕಾಣತೈತಿ. ಹಿಂದ ಸರದ್ರ ಕೈ ಮುಟ್ಟೂದಿಲ್ಲ. ನಿನ್ನೆ ಎಂಟೆಳಿ ತಪ್ಪಿಸೀನಿ. ನಿಮ್ಮ ಭಾವ ಬಿಚ್ಚಿ ಹಾಕಿದ್ರು. ಎಂಟೆಳಿ! ಮದುವಿಯಾಗಿ ಬಂದ ವರ್ಷನೂ ನಾ ಎಂಟೆಳಿ ತಪ್ಪಿಸಿಲ್ಲ."

"ಓದೂ ಚಾಳೀಸ ಹಾಕ್ಕೊಂಡ್ರ ಆತು. ಡಾಕ್ಟರ್ ಹೇಳಿದ್ರಲ್ಲ."

ಅತ್ತೆ ಮೂಲೆಯಿಂದ ತಮ್ಮ ಓದುವ ಕನ್ನಡಕವನ್ನು ನನ್ನ ಕಡೆ ಎಸೆದರು. "ಅದನ್ನೂ ಹಾಕಿ ನೋಡ್ಯಾಳ. ಎಳಿ ಎಳಿ ಅಂತ ಕಾಣತಾವಂತ, ಹಗ್ಗಾಗಿ ಕಾಣೂದಿಲ್ಲಂತ."

ಆಗ ನನ್ನ ತಲೆಗೆ ಹೊಳೆಯಿತು. ದೂರ ಕಾಣದ ಕಣ್ಣೇ ಅವಳ ಹತ್ತಿರದ ಭೂತಗನ್ನಡಿಯಾಗಿತ್ತು. ಒಂದನ್ನು ತಿದ್ದಿದರೆ ಇನ್ನೊಂದು ಹೋಗುತ್ತದೆ. ಡಾಕ್ಟರು ಹೇಳಿದ್ದು ಅದನ್ನೇ, ನಾವು ಕೇಳಿದ್ದು ಬರೀ ಓದುವ ಮಾತನ್ನು.

"ಎಡಗಣ್ಣಿಗೆ?" ಎಂದು ಮೆಲ್ಲಗೆ ಕೇಳಿದೆ.

ಅಕ್ಕ ಸೆರಗಿನ ಚುಂಗಿನಿಂದ ಬಲಗಣ್ಣು ಮುಚ್ಚಿ, ಮೂಗು ತಾಗುವಷ್ಟು ಬಗ್ಗಿ, ಎರಡು ಎಳೆ ಹಿಡಿದು ಚಕ್ಕನೆ ಕೊಂಡಿ ಸಿಕ್ಕಿಸಿದಳು. ಮತ್ತೆರಡು. ಮತ್ತೆರಡು.

"ಕಾಣತೈತಿ. ಮೊದ್ಲಿನಂಗ," ಅಂದಳು. "ನಾ ನಾಳೆ ಹುಬ್ಬಳ್ಳಿಗೆ ಬರೂದಿಲ್ಲ."

"ಬರೂದಿಲ್ಲಂದ್ರ? ಒಂದ ಕಣ್ಣ ಮಾಡ್ಸಿ ಒಂದ ಬಿಟ್ರ ಹ್ಯಾಂಗಬೇ? ಒಂದ ಕಣ್ಣಿಗೆ ಗುಡ್ಡ, ಒಂದ ಕಣ್ಣಿಗೆ ನೂಲು? ಹುಚ್ಚ ಹಿಡಿತೈತಿ. ಮೆಟ್ಟಲ ಮ್ಯಾಲೆ ಬೀಳ್ತಿ."

"ಬಿದ್ರ ನಾ ಬೀಳ್ತೇನಿ. ನೀ ಎದಕ ಅಂಜತಿ?"

"ನಾ ರಜಾ ಬರದು ಬಂದೀನಿ. ಡಾಕ್ಟರ್‌ಗೆ ಏನ ಹೇಳ್ಲಿ?"

"ಹೋಗಿ ಹೇಳು, ಇದೊಂದ ಕಣ್ಣ ನನಗ ಬೇಕಂತ."

ಒಂದು ತಾಸು ಜಗಳವಾಡಿದೆ. ಕಣ್ಣುಗಳೆಂದರೆ ಜೋಡೆತ್ತು, ಒಂದನ್ನು ಬಿಟ್ಟು ಒಂದನ್ನು ಹೂಡಲಾಗದು ಎಂದೆ. "ನಮ್ಮ ಮನ್ಯಾಗ ಹೊಲ ಇಲ್ಲ," ಅಂದಳು. ಭಾವನನ್ನು ಕರೆದು ನೀವಾದರೂ ಹೇಳಿರೆಂದೆ. ಭಾವ ಒಳಗೆ ಬಂದು, ಈಗ ಹಾಕಿದ ಕೊಂಡಿಗಳ ಮೇಲೆ ಬೆರಳಾಡಿಸಿ, ಕುಣಿಗೆ ಇಳಿದು ಕೂತರು. ಅತ್ತೆ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಮರುದಿನ ನಾನೊಬ್ಬನೇ ಹುಬ್ಬಳ್ಳಿಗೆ ಹೋದೆ. ಫೋನು ಮಾಡಿ ತಿಳಿಸಲು ಮುಖವಿರಲಿಲ್ಲ. ಡಾಕ್ಟರು ನನ್ನ ಹಿಂದೆ ಅಕ್ಕನನ್ನು ಹುಡುಕಿದರು. ವಿಷಯ ಹೇಳಿದೆ. ಹಸಿರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಏನ್ರೀ ಇದು? ಎರಡು ಕಣ್ಣಿಗೆ ಇಷ್ಟು ವ್ಯತ್ಯಾಸ ಇಟ್ಕೊಂಡು ಯಾರಾದ್ರೂ ಓಡಾಡ್ತಾರಾ? ತಲೆನೋವು ಬರುತ್ತೆ. ಆಳ ಗೊತ್ತಾಗಲ್ಲ. ಕೊನೆಗೆ ಎಡಗಣ್ಣಿಗೆ ಕಾಂಟಾಕ್ಟ್ ಲೆನ್ಸ್ ಆದ್ರೂ ಹಾಕ್ಕೊಳ್ಳಲಿ."

"ಹಾಕ್ಕೊಳ್ಳೂದಿಲ್ಲ ಅಂತಾಳ್ರಿ. ಕೊಂಡಿ ಹಾಕಾಕ ಬರಿಗಣ್ಣ ಬೇಕಂತ್ರಿ."

"ಏನು ಕೊಂಡಿ?"

ನಾನು ವಿವರಿಸಿದೆ. ಒಡಲಿನ ಎಳೆ, ಸೆರಗಿನ ಎಳೆ, ಓಣಿಯ ಮಗ್ಗಗಳು, ಹಗ್ಗದ ಹಾಗೆ ಕಾಣುವುದು, ಎಲ್ಲ. ಅವರು ಕಡತ ತೆಗೆದು ನನ್ನ ಗುಂಡಾದ ಅಕ್ಷರಗಳ ಮೇಲೆ ಬೆರಳಿಟ್ಟರು.

"ಗೃಹಿಣಿ ಅಂತ ಬರೆದಿದ್ದೀರಲ್ರೀ ಮೇಷ್ಟ್ರೇ! ಇದನ್ನ ಮೊದಲೇ ಹೇಳಿದ್ರೆ ನಾನು ಆ ಕಣ್ಣುಗಳನ್ನ ಮುಟ್ಟುತ್ತಿದ್ದೆನಾ? ಎಷ್ಟು ದಿನದಿಂದ ಮಾಡ್ತಿದ್ದಾರೆ ಈ ಕೆಲಸ?"

"ಇಪ್ಪತ್ನಾಲ್ಕು ವರ್ಷ ಆತ್ರಿ."

"ಮತ್ತೆ?"

ಹೊರಗೆ ಬಂದು, ಅವತ್ತು ಕುಡಿಯದೇ ಬಿಟ್ಟಿದ್ದ ಚಹಾ ಕುಡಿದು ಬಸ್ಸು ಹತ್ತಿದೆ.

ಅಕ್ಕನಿಗೆ ಮೊದಲ ತಿಂಗಳು ತಲೆನೋವು ಇದ್ದದ್ದು ನಿಜ. ಲೋಟಕ್ಕೆ ಹಾಕುವ ಚಹಾ ಎರಡು ಸಲ ಬಸಿಯಲ್ಲಿ ಬಿತ್ತು, ಒಂದು ಸಲ ನನ್ನ ಪ್ಯಾಂಟಿನ ಮೇಲೆ. "ನೋಡಿದ್ಯಾ?" ಎಂದೆ. "ನೀ ದೂರ ಕುಂತಿದ್ರ ಸರಿಯಾಗಿ ಕಾಣತಿದ್ದಿ. ಹತ್ರ ಯಾಕ ಬಂದಿ?" ಎಂದು ನನಗೇ ತಿರುಗಿ ಬಿದ್ದಳು. ಆಮೇಲಾಮೇಲೆ ಅದಕ್ಕೂ ರೂಢಿಯಾಯಿತು. ಸೆರಗಿನಿಂದ ಮುಚ್ಚಿಕೊಳ್ಳುವುದನ್ನೂ ಬಿಟ್ಟಳು. ಬಗ್ಗಿದರೆ ಎಡಗಣ್ಣು ತಾನೇ ಕೆಲಸ ಹಿಡಿಯುತ್ತಿತ್ತು, ತಲೆ ಎತ್ತಿದರೆ ಬಲಗಣ್ಣು. ಓಣಿಯವರು ಮೊದಲಿನ ಹಾಗೆ ಕರೆಯಲು ಬಂದರು.

ಒಂದೂವರೆ ತಿಂಗಳ ಮೇಲೆ ಒಂದು ಭಾನುವಾರ ಡಾಕ್ಟರು ಹೆಂಡತಿಯೊಂದಿಗೆ ಇಳಕಲ್ಲಿಗೆ ಸೀರೆಗೆಂದು ಬಂದರು. ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿ, ದಾರಿ ಕೇಳಿಕೊಂಡು ಅಕ್ಕನ ಮನೆಗೆ ಬಂದರು. ಆ ದಿನ ನಾನೂ ಇದ್ದೆ. ಅಕ್ಕ ಕೊಂಡಿಗೆ ಕೂತಿದ್ದಳು. ಬನ್ರಿ ಅಂದಳು, ಏಳಲಿಲ್ಲ. ಡಾಕ್ಟರು ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನೆಲದ ಮೇಲೆ ಕೂತು ನೋಡತೊಡಗಿದರು. ಬಲಗಣ್ಣು ಮುಚ್ಚಿಕೊಂಡು ಕೊಂಡಿ ಹಾಕಿ ಅಂದರು, ಹಾಕಿದಳು. ಎಡಗಣ್ಣು ಮುಚ್ಚಿ ಅಂದರು, "ಆಗೂದಿಲ್ರಿ," ಅಂದಳು. ಅತ್ತೆ ಕೊಟ್ಟ ಚಹಾ ಆರಿಹೋಗುವಷ್ಟು ಹೊತ್ತು ಅವರು ಆ ಬೆರಳುಗಳನ್ನೇ ನೋಡಿದರು.

"ಸಾಹೇಬ್ರ," ಅಂದಳು ಅಕ್ಕ ತಲೆ ಎತ್ತದೆ, "ಬೆಳಕಿಗೆ ಅಡ್ಡ ಕುಂತೀರಿ. ಚೂರು ಸರೀರಿ."

ಡಾಕ್ಟರು ಎದ್ದು, ಕಪ್ಪು ಎತ್ತಿಕೊಂಡು, ಗೋಡೆಯ ಪಕ್ಕಕ್ಕೆ ಹೋಗಿ ಕೂತರು.