ಹಕ್ಕಿ ಲೆನ್ಸು

ಮಹಾದೇವಿ, ನಿನ್ನ ಅವ್ವನ ಫೋಟೊ ನಾನು ತೆಗೆದೇ ಇರಲಿಲ್ಲ. ಮೆಮೊರಿ ಕಾರ್ಡು ಕೆಟ್ಟಿತೆಂದು ಹೇಳಿದ್ದು ಸುಳ್ಳು. ರಿಪೇರಿಗೆ ಕೊಡೋಣ ಎಂದು ನೀನು ಮಾನ್ವಿಯಲ್ಲಿರುವ ಗಂಡನ ಮನೆಯಿಂದ ಮತ್ತೆ ಮತ್ತೆ ಫೋನ್ ಮಾಡುತ್ತೀ; ಸೋದರಮಾವನಾದ ನಾನು ರಾಯಚೂರಿನಲ್ಲಿ ಕೂತು "ನೋಡೂಣವ್ವಾ" ಅನ್ನುತ್ತೇನೆ. ಆ ಕಾರ್ಡು ನೆಟ್ಟಗಿದೆ. ಅದರ ತುಂಬ ಹಕ್ಕಿಗಳಿವೆ.

ನಮ್ಮಂಥ ಕ್ಯಾಮೆರಾ ಹುಚ್ಚಿನವರ ಮಾತು ನೀನು ಕೇಳಿಲ್ಲ. ಚಹಾದಂಗಡಿಯ ಮುಂದೆ ನಿಂತು — ಹಕ್ಕಿಗೆ ಉದ್ದ ಲೆನ್ಸು, ಬಯಲಿಗೆ ಅಗಲ ಲೆನ್ಸು, ಮುಖಕ್ಕೆ ಹಿಂದಿನದನ್ನೆಲ್ಲ ಮಸುಕು ಮಾಡುವ ಲೆನ್ಸು... ಮೊಬೈಲಿನಲ್ಲಿ ತೆಗೆಯುವವರನ್ನು ಕಂಡರೆ ನಗು. ಹೆಗಲ ಚೀಲದ ತೂಕವನ್ನೇ ವಿದ್ಯೆ ಎಂದುಕೊಂಡ ಗುಂಪು ಅದು; ಅದರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು.

ಆ ಸಲ ಚೀಕಲಪರ್ವಿಗೆ, ನಿನ್ನ ತವರಿಗೆ ಬಂದದ್ದೂ ಅಕ್ಕನನ್ನು ನೋಡಲಿಕ್ಕಲ್ಲ, ತುಂಗಭದ್ರೆಯ ಹಕ್ಕಿಗಳಿಗಾಗಿ. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಯ ಹಿಟ್ಟು ಒರೆಸಿಕೊಳ್ಳುತ್ತ ನನ್ನ ಹಿಂದೆಯೇ ಹೊಳೆಯ ದಂಡೆಗೆ ಬಂದಳು.

"ಲೇ ತಮ್ಮಾ, ನಂದೊಂದು ತೆಗಿಯಲೇ. ಆಧಾರ್ ಕಾರ್ಡಿನಾಗಿಂದು ಒಂದೇ ಅದ. ಅದರಾಗ ಕಳ್ಳಿ ಹಂಗ ಕಾಣ್ತೀನಿ."

"ಇದು ಹಕ್ಕಿ ಲೆನ್ಸು ಅಕ್ಕಾ. ಇದರಾಗ ಮುಖ ಬರಂಗಿಲ್ಲ."

"ಹೌದೇನು? ಒನಕಿಯಷ್ಟು ಉದ್ದ ಅದ, ನನ್ನ ಮಾರಿ ಹಿಡಿಸಂಗಿಲ್ಲೇನು!" ನಕ್ಕಳು. ನಂಬಿದಳು.

ನಾನು ಹಿಂದೆ ಸರಿದು ನಿಂತಿದ್ದರೆ ಆ ಲೆನ್ಸಿನಲ್ಲೇ ಅವಳ ಮುಖ — ಮೂಗುತಿ, ಹಣೆಯ ವಿಭೂತಿ, ಎಲ್ಲ — ಚೆನ್ನಾಗಿ ಬರುತ್ತಿತ್ತು. ಜೇಬಿನಲ್ಲಿ ಮೊಬೈಲೂ ಇತ್ತು. ಅವಳು ಫೋಟೊಗೆ ತಕ್ಕವಳು ಅನ್ನಿಸಲಿಲ್ಲ, ಅಷ್ಟೇ.

ಅಕ್ಕ ತೀರಿಕೊಂಡಳು. ಗೋಡೆಯ ಮೇಲೆ ಹಾರ ಹಾಕಿಕೊಂಡಿರುವುದು ಅದೇ ಆಧಾರ್ ಚಿತ್ರ, ದೊಡ್ಡದು ಮಾಡಿಸಿದ್ದು. "ತಮ್ಮನ ಕೈಯಾಗ ಅಂಥಾ ಕ್ಯಾಮೆರಾ ಅದ, ಅಕ್ಕಂದು ಒಂದು ಫೋಟೊ ಇಲ್ಲೇನ್ರೀ?" ಎಂದು ಅವಳ ದಿವಸದ ಊಟದಲ್ಲಿ ಯಾರೋ ಕೇಳಿದಾಗ ಕಾರ್ಡಿನ ಕಥೆ ಕಟ್ಟಿದೆ. ನೀನು ಕೇಳಿಸಿಕೊಂಡೆ. ಕಾಯತೊಡಗಿದೆ.

ಭಾನುವಾರ ಚೀಕಲಪರ್ವಿಗೆ ಬರುತ್ತೇನೆ, ನೀನೂ ಬಾ. ಇಷ್ಟನ್ನು ನಿನ್ನ ಅಪ್ಪನ ಎದುರಿಗೂ ಹೇಳುತ್ತೇನೆ. ಇನ್ನೊಂದು ಮಾತಿದೆ — ಅದಕ್ಕೆ ಅಲ್ಲಿ ಬಾಯಿ ಬಾರದೆ ಹೋದೀತು, ಇಲ್ಲೇ ಬರೆಯುತ್ತೇನೆ. ಅಂದು ನಾನು ಕ್ಯಾಮೆರಾ ಕಣ್ಣಿಗೆ ಹಿಡಿದಾಗ ಅಕ್ಕ ಇನ್ನೂ ನೀರಿನ ಅಂಚಿನಲ್ಲೇ ನಿಂತಿದ್ದಳು — ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ. ಅವಳ ಹಿಂದೆ ಒಂದು ಕೊಕ್ಕರೆ.

"ಆಚಿ ಸರಿ ಅಕ್ಕಾ, ಅಡ್ಡ ನಿಂತೀದಿ," ಅಂದೆ.

ಸರಿದಳು.